ಅಂಕ ಆಮೇಲೆ ಹಾಕು, ಮಗೂ

ನಿನ್ನ ನಾಲಿಗೆ ಚುರುಕಾಗಿದೆ, ಒಪ್ಪಿದೆ. ಆದರೆ ಪೆನ್ನು ಅದಕ್ಕಿಂತ ಚುರುಕು. ವೈನಿನ ಮೊದಲ ಗುಟುಕು ಗಂಟಲಿಗೆ ಇಳಿಯೋ ಮುಂಚೆಯೇ 85 ಅಂತ ಬರೆದುಬಿಡ್ತೀಯ. ಬಸ್ಸೇನಾದರೂ ಹೊರಟುಹೋಗುತ್ತಾ? ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಹೆಸರುವಾಸಿ ಮಾಡಿದ ಆ ನೂರರ ಲೆಕ್ಕದಲ್ಲಿ 50 ಅಂಕ ಪುಕ್ಕಟೆ ಸಿಗುತ್ತೆ, ಅದನ್ನೂ ನೆನಪಿಟ್ಟುಕೋ.

ಕ್ಯಾಬರ್ನೆ, ಶಾರ್ಡನೆಯಂಥ ಹೆಸರಾಂತ ದ್ರಾಕ್ಷಿಯ ವೈನ್ ಕುಡಿದು ಪಳಗಿದವನು ನೀನು. ಆದರೆ ಇಟಲಿಯೊಂದರ ಅಧಿಕೃತ ಪಟ್ಟಿಯಲ್ಲೇ ವೈನ್ ದ್ರಾಕ್ಷಿಯ ತಳಿಗಳು 500 ದಾಟುತ್ತವೆ. ಎಲ್ಲಕ್ಕೂ ಒಂದೇ ಅಳತೆಗೋಲು ಹಿಡಿದರೆ ಕೆಟ್ಟೆ.

ಅಲ್ಲಿನ ಪಿಯೆಮೊಂಟೆ ಪ್ರಾಂತ್ಯದ ಗ್ರಿನ್ಯೊಲಿನೊ ದ್ರಾಕ್ಷಿಯ ವೈನ್ ತಗೋ. ಗ್ಲಾಸಿಗೆ ಸುರಿದರೆ ತಿಳಿಗೆಂಪು. ಹಿಂದೆ ಹಿಡಿದ ಬೆರಳು ಕಾಣುತ್ತೆ. ‘ನೀರು’ ಅಂತ ನೀನು ಮೂಗು ಮುರೀತೀಯ. ಬಾಯಿಗೆ ಹಾಕಿ ನೋಡು, ಎಳೆ ಅಡಿಕೆ ಜಗಿದ ಹಾಗೆ ಒಗರು ವಸಡು ಹಿಡಿಯುತ್ತೆ. ಆ ಹಣ್ಣಿನಲ್ಲಿ ಬೀಜ ಜಾಸ್ತಿ, ಅದಕ್ಕೇ ಆ ಒಗರು. ಬಣ್ಣ ನೋಡಿ ಅಂಕ ಕಳೆಯೋದು ಆಳು ನೋಡದೆ ಅಂಗಿ ನೋಡಿದವರ ಬುದ್ಧಿ.

ಉಂಬ್ರಿಯಾ ಪ್ರಾಂತ್ಯದ ಮೊಂಟೆಫಾಲ್ಕೊದಲ್ಲಿ ಸಗ್ರಾಂಟಿನೊ ಅನ್ನೋ ವೈನ್ ಇದೆ, ಕಡುಗಪ್ಪು. ಮಾರಾಟಕ್ಕೆ ಬಿಡೋ ಮುಂಚೆ ಕನಿಷ್ಠ 37 ತಿಂಗಳು ಇಟ್ಟು ಹಳೆಯದಾಗಿಸಬೇಕು ಅಂತ ಕಾನೂನೇ ಇದೆ. ಅಷ್ಟು ಕಾದರೂ ಅದರ ಒಗರು ಜೋರೇ. ಬರಿ ಹೊಟ್ಟೆಯಲ್ಲಿ ಕುಡಿದು ಬೈಬೇಡ. ಅಲ್ಲಿಯವರು ಅದನ್ನು ಕುರಿಮರಿ ಮಾಂಸದ ಜೊತೆ, ಹಳೇ ಚೀಸಿನ ಜೊತೆ ಕುಡೀತಾರೆ. ನೀನೂ ಎರಡು ತುತ್ತು ತಿಂದು ಮತ್ತೆ ಕುಡಿ. ಬೈಗುಳ ಅರ್ಧಕ್ಕೇ ನಿಲ್ಲುತ್ತೆ.

ಇನ್ನು ತಿಮೊರಾಸ್ಸೊ. ಟೊರ್ಟೋನಾ ಗುಡ್ಡಗಳ ಬಿಳಿ ದ್ರಾಕ್ಷಿ. ಇಳುವರಿ ನಂಬೋ ಹಾಗಿಲ್ಲ ಅಂತ ರೈತರು ಕೈಬಿಟ್ಟಿದ್ದರು. 1980ರ ದಶಕದಲ್ಲಿ ವಾಲ್ಟರ್ ಮಾಸ್ಸಾ ಅನ್ನೋರು ಹಟ ಹಿಡಿದು ಅದರದ್ದೇ ವೈನ್ ಮಾಡಿದರು. ಎಳೆಯದರಲ್ಲಿ ಹುಳಿಹುಳಿ, ಬಿಗುಮಾನ. ಕೆಲವು ವರ್ಷ ಬಾಟಲಿಯಲ್ಲಿ ಕೂತ ಮೇಲೆ ಜೇನಿನ ಘಮ, ಜೊತೆಗೆ ಒಂದಿಷ್ಟು ಸೀಮೆಎಣ್ಣೆಯ ವಾಸನೆ. ಗಾಬರಿ ಬೀಳಬೇಡ, ಅದು ಅದರ ಗುಣ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಮಾತ್ರ ಯಾವ ಘಮವೂ ಏಳಲ್ಲ.

ಈಗ ಕೆಲಸದ ಮಾತು. ಬಾಟಲಿಗೆ ಕಾಗದ ಸುತ್ತು. ಹೆಸರು, ಬೆಲೆ ಎರಡೂ ನಾಲಿಗೆಗೆ ಲಂಚ ಕೊಡುತ್ತವೆ. ಮೊದಲು ಮೂಸು. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ ಅಂತ ಅರ್ಥ. ಆ ಬಾಟಲಿ ಪಕ್ಕಕ್ಕಿಡು, ಅಂಕ ಬೇಡ. ಉಗುಳೋಕೆ ನಾಚಬೇಡ, ಆರನೇ ಗ್ಲಾಸು ನುಂಗಿದ ಮೇಲೆ ಎಲ್ಲಾ ವೈನೂ ಚಿನ್ನವೇ. ಮೊದಲು ಮಾತಲ್ಲಿ ಬರಿ. ಅರ್ಧ ಬಾಟಲಿ ಮುಚ್ಚಿಟ್ಟು ಮಾರನೇ ದಿನ ಇನ್ನೊಮ್ಮೆ ರುಚಿ ನೋಡು. ಸಂಖ್ಯೆ ಆಮೇಲೆ. ಯಾವ ವರ್ಷದ ವೈನು, ಏನು ತಿಂದು ಕುಡಿದೆ ಅನ್ನೋದೂ ಪಕ್ಕದಲ್ಲಿರಲಿ.

ಹಿಡಿಸಲಿಲ್ಲವಾ? ಧೈರ್ಯವಾಗಿ ಹಾಗೇ ಬರಿ, ಮುಲಾಜು ಬೇಡ. ಆದರೆ ತಪ್ಪು ದ್ರಾಕ್ಷಿಯದ್ದೋ, ಮಾಡಿದವನದ್ದೋ, ನಿನ್ನ ನಾಲಿಗೆಯ ರೂಢಿಯದ್ದೋ, ಅದನ್ನು ಮೊದಲು ಬೇರೆ ಮಾಡಿಕೋ. ಮೂರನೆಯದಾದರೆ ಅಂಕ ಕಳೆಯಬೇಕಾದ್ದು ವೈನಿಗಲ್ಲ.