ದುಡಿಯುವ ಕೈಗೆ ಕೆಲಸದ ಭರವಸೆ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ದುಡಿಯಲು ಸಿದ್ಧವಾದ ಕೈಗೆ ಕೆಲಸವೇ ದೊರೆಯದಿದ್ದರೆ ಗತಿಯೇನು? ನಾವು ನೆಲೆಸಿರುವ ಮಹಾರಾಷ್ಟ್ರವು ಈ ಪ್ರಶ್ನೆಗೆ ಕೊಟ್ಟ ಉತ್ತರವು ಅಭ್ಯಾಸಯೋಗ್ಯವಾಗಿದೆ.

ಬರಗಾಲದಲ್ಲಿ ಸರಕಾರವು ಕಾಮಗಾರಿಗಳನ್ನು ತೆರೆದು ಬಡವರಿಗೆ ಕೂಲಿ ಕೊಡುವುದು ಬ್ರಿಟಿಷರ ಕಾಲದಿಂದ ನಡೆದುಬಂದ ಪದ್ಧತಿ. ಅದು ಕೊಡುವವರ ಕೃಪೆಯಾಗಿತ್ತೇ ಹೊರತು ಪಡೆಯುವವರ ಹಕ್ಕಾಗಿರಲಿಲ್ಲ. ರಾಜ್ಯದ ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ಶ್ರೀ ವಿ. ಸ. ಪಾಗೆಯವರು ಈ ಪದ್ಧತಿಯನ್ನು ಮಾರ್ಪಡಿಸಲು ಶ್ರಮಿಸಿದರು. ಸಾಂಗಲಿ ಜಿಲ್ಲೆಯ ತಾಸಗಾಂವ ತಾಲೂಕಿನಲ್ಲಿ ಮೊದಲ ಪ್ರಯೋಗವು ನಡೆಯಿತು. 1972ರ ಘೋರ ಕ್ಷಾಮದ ವರ್ಷದಲ್ಲಿ ಉದ್ಯೋಗ ಖಾತರಿ ಯೋಜನೆಯು ರಾಜ್ಯದಲ್ಲಿ ಆರಂಭವಾಯಿತು. 1977ರಲ್ಲಿ ರಚಿತವಾದ ಕಾಯಿದೆಯು 1979ರ ಜನವರಿ 26ರಿಂದ ಜಾರಿಗೆ ಬಂದಿತು. ಕೆಲಸ ಕೇಳಿದ ವಯಸ್ಕ ಗ್ರಾಮವಾಸಿಗೆ 15 ದಿನಗಳೊಳಗೆ ಕೆಲಸ ಕೊಡಬೇಕು, ತಪ್ಪಿದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂಬುದು ಅದರ ತಿರುಳು.

ಇದಕ್ಕೆ ಹಣ ಬಂದುದೆಲ್ಲಿಂದ? ಮುಂಬಯಿಯಂತಹ ನಗರಗಳ ನೌಕರರೂ ವರ್ತಕರೂ ಸಲ್ಲಿಸುವ ವೃತ್ತಿ ತೆರಿಗೆಯನ್ನು ಈ ಯೋಜನೆಗೆಂದು ವಿಧಿಸಿ, ಅಷ್ಟೇ ಮೊತ್ತವನ್ನು ಸರಕಾರವೂ ಸೇರಿಸುವ ಏರ್ಪಾಟಾಯಿತು. ನಮ್ಮ ಮನೆಯ ಹಿರಿಯರ ಸಂಬಳದ ಚೀಟಿಯಲ್ಲಿ ಈ ತೆರಿಗೆಯ ಹೆಸರನ್ನು ನಾವು ಕಂಡಿರಬಹುದು. ನಗರದ ಗಳಿಕೆಯು ಹಳ್ಳಿಯ ಕೂಲಿಯಾದ ಕಥೆ ಅದರಲ್ಲಿ ಅಡಗಿದೆ.

ಯೋಜನೆಯು ನಿಂತ ನೀರಾಗಿ ಉಳಿಯಲಿಲ್ಲ. ಮೊದಲು ರಸ್ತೆ, ಇಂಗುಕೆರೆ, ಹೊಲದ ಒಡ್ಡುಗಳಿಗೆ ಪ್ರಾಶಸ್ತ್ಯವಿದ್ದಿತು. 1990ರಿಂದ ರೈತರ ಸ್ವಂತ ಭೂಮಿಯಲ್ಲಿ ಹಣ್ಣಿನ ಗಿಡಗಳನ್ನು ನೆಡುವ ಕಾರ್ಯವೂ ಸೇರಿತು. ಕೂಲಿಯು ಅಂದಿನ ಹಸಿವನ್ನು ನೀಗಿದರೆ, ತೋಟವು ಮುಂದಿನ ವರ್ಷಗಳ ಜೀವನಕ್ಕೆ ಆಧಾರವಾಯಿತು. 2005ರಲ್ಲಿ ಸಂಸತ್ತು ಇಡೀ ದೇಶದ ಗ್ರಾಮೀಣ ಕುಟುಂಬಗಳಿಗೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆಯನ್ನಿತ್ತಿತು. 2025ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾಯಿದೆಯನ್ನು ಅಂಗೀಕರಿಸಿ, ದಿನಗಳನ್ನು 125ಕ್ಕೆ ಏರಿಸಿತು.

ದಿನಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಬಡವನ ಕಷ್ಟ ನೀಗದೆಂಬುದನ್ನು ನಾವು ಮರೆಯಬಾರದು. ಕೆಲಸ ಕೇಳಿದವನಿಗೆ ದಿನಾಂಕವುಳ್ಳ ರಶೀದಿ ದೊರೆಯದಿದ್ದರೆ, 15 ದಿನಗಳು ಕಳೆದುವೆಂದು ಅವನು ಸಾಧಿಸುವುದೆಂತು? ದುಡಿದ ಕೂಲಿಯು ತಿಂಗಳುಗಟ್ಟಲೆ ತಡವಾದರೆ, ಅವನು ಸಾಲಗಾರನ ಬಾಗಿಲಿಗೆ ಹೋಗದೆ ಬದುಕುವುದೆಂತು? ಯೋಜನೆಯನ್ನು ಕಾಲಕ್ಕೆ ತಕ್ಕಂತೆ ತಿದ್ದುವಾಗ ಸರಿಪಡಿಸಬೇಕಾದುದು ಮೊದಲು ಇವನ್ನೇ. ಕೇಳಿದಾಗ ಕೆಲಸ, ದುಡಿದೊಡನೆ ಕೂಲಿ, ಎರಡೂ ಕೈಗೂಡಿದಾಗಲೇ ಕೆಸರಾದ ಕೈಗೆ ಮೊಸರು ದೊರೆತೀತು.