ನಾಲ್ಕು ಗಂಟು, ಒಂದು ಖಾತೆ

2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ 500 ಮತ್ತು 1,000 ರೂಪಾಯಿ ನೋಟು ರದ್ದಾದ ಘೋಷಣೆ ಹೊರಬಿದ್ದಾಗ ಉಡುಪಿ ಜಿಲ್ಲೆಯ ಅಮಾಸೆಬೈಲಿನ ಅಜ್ಜಿ ಉಂಡು ಮಲಗಿಯಾಗಿತ್ತು. ಆ ಮನೆಯಲ್ಲಿ ಟೀವಿ ಇರಲಿಲ್ಲ. ಸುದ್ದಿ ಮುಟ್ಟಿದ್ದು ಮರುದಿನ ಬೆಳಿಗ್ಗೆ, ಡೈರಿಗೆ ಹಾಲು ಕೊಟ್ಟು ಬಂದ ಪಕ್ಕದ ಮನೆಯ ಹೆಂಗಸಿನಿಂದ. ಅಜ್ಜಿ ಏನೂ ಹೇಳದೆ ಒಳಗೆ ಹೋದರು. ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ನಾಲ್ಕು ಬಟ್ಟೆಗಂಟು ಹೊರತೆಗೆದು ಚಾಪೆಯ ಮೇಲೆ ಸಾಲಾಗಿ ಇಟ್ಟರು.

ನಾಲ್ಕೂ ಹಳೆ ಸೀರೆಯ ಅಂಚಿನ ತುಂಡುಗಳು, ಒಂದೊಂದು ಒಂದೊಂದು ಬಣ್ಣ. ಹಸಿರು ಅಂಚಿನದರಲ್ಲಿ 500ರ 20 ನೋಟು, ತನ್ನ ಬೊಜ್ಜದ ಖರ್ಚಿಗೆ ಮಗನ ಕೈಸೇರಬೇಕಾದದ್ದು. ಕೆಂಪಿನದರಲ್ಲಿ 24, ಹಿರಿ ಮೊಮ್ಮಗಳ ಮದುವೆಯ ಬೆಂಡೋಲೆಗೆ. ಅರಿಶಿನದ ಕಲೆ ಇದ್ದ ಮೂರನೆಯದರಲ್ಲಿ 12, ಗಂಡನಿಲ್ಲದ ಕಿರಿ ಮಗಳಿಗೆ. ಕಪ್ಪು ಅಂಚಿನದರಲ್ಲಿ 8. ಅದು ಆ ಹಾಲು ಕೊಡುವ ಹೆಂಗಸಿಗೆ. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡ ವರ್ಷ ಮೂರು ತಿಂಗಳು ಮೀಯಿಸಿ, ಗಂಜಿ ಕುಡಿಸಿದವಳಿಗೆ. ಒಟ್ಟು 64 ನೋಟು, 32,000 ರೂಪಾಯಿ.

ಊರಿಗೆ ಬಂದಿದ್ದ ಮೊಮ್ಮಗನೇ ಎಣಿಸಿದ್ದು. ಇವತ್ತು ಈ ಅಂಕಣ ಬರೆಯುತ್ತಿರುವವನೂ ಅವನೇ. ಬಡ್ಡಿ, ಠೇವಣಿ, ವಿಮೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಅವನಿಗೆ ಅಜ್ಜಿಯ ಅಕ್ಕಿ ಡಬ್ಬಿ ಹಳೆಯ ಸಂಕಟ. ಡಬ್ಬಿಯಲ್ಲಿಟ್ಟ ದುಡ್ಡು ವರ್ಷ ವರ್ಷ ಕರಗುತ್ತದೆ ಎಂದು ಎಷ್ಟೋ ಸಲ ಹೇಳಿದ್ದ. ಅಜ್ಜಿಯ ಉತ್ತರ ಯಾವಾಗಲೂ ಒಂದೇ: "ಬಡ್ಡಿ ಎಷ್ಟಾತ್ತ್ ಅಂದೇಳಿ ನಂಗ್ ಗೊತ್ತಿಲ್ಲೆ ಮಗಾ. ದುಡ್ಡ್ ಯಾರಿದ್ದ್ ಅಂದೇಳಿ ಗೊತ್ತಿತ್ತ್."

ಗೊತ್ತಿತ್ತು, ನಿಜ. ಓದು ಬರಹ ಬಾರದ ಅಜ್ಜಿಯ ಲೆಕ್ಕ ಒಂದು ದಿನವೂ ತಪ್ಪಿದ್ದನ್ನು ಮನೆಯವರು ಕಂಡಿಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ದುಡಿಯುತ್ತಿದ್ದ ಮಗ ಕಳಿಸಿದ ಮನಿಯಾರ್ಡರುಗಳ ಕೆಳತುಂಡುಗಳನ್ನು ಒಂದೂ ಬಿಡದೆ ಕಬ್ಬಿಣದ ಸರಿಗೆಗೆ ಚುಚ್ಚಿ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದರು. ಹೊಗೆ ಕುಡಿದು ಕಂದಿದ ಆ ಚೀಟಿಗಳ ದಪ್ಪ ನೋಡಿಯೇ ಯಾವ ವರ್ಷ ಮಗನ ಕೈ ಬಿಗಿಯಾಗಿತ್ತು ಎಂದು ಹೇಳುತ್ತಿದ್ದರು.

ಅಜ್ಜಿಯ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ 1938ರ ಜನವರಿ 1 ಎಂದಿತ್ತು. ಮದುವೆಯಾಗಿ ಬಂದದ್ದು ಗೇಣಿ ಗದ್ದೆಯ ಮನೆಗೆ. ಬೆಳೆದ ಅಕ್ಕಿಯ ದೊಡ್ಡ ಪಾಲು ಧಣಿಯ ಕಣಜಕ್ಕೆ. ಉಳಿದಂತೆ ಸಂಸಾರ ನಡೆದದ್ದು ಕಾಡಿನ ಹುಟ್ಟುವಳಿಯಿಂದ. ಬೇಸಿಗೆಯಲ್ಲಿ ಸೀಗೆಕಾಯಿ, ಮುರುಗನ ಸಿಪ್ಪೆ. ಮಳೆ ಹಿಡಿದ ಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಉಪ್ಪಗೆ. ಸಿದ್ದಾಪುರದ ಸಂತೆಗೆ ಹೊತ್ತು ಮಾರಿದ ಆ ದುಡ್ಡಿನಲ್ಲೇ 1970ರಲ್ಲಿ ಒಂದು ಪವನಿನ ಸರ ಮಾಡಿಸಿಕೊಂಡರು. ಆಗ ಹತ್ತು ಗ್ರಾಂ ಚಿನ್ನಕ್ಕೆ 184 ರೂಪಾಯಿ ಆಸುಪಾಸು, ಎಂಟು ಗ್ರಾಮಿನ ಪವನಿಗೆ 150ರ ಒಳಗೆ.

ಆ ಸರ ಅಜ್ಜಿಯ ಕುತ್ತಿಗೆಯಲ್ಲಿ ಹೆಚ್ಚು ದಿನ ಇರಲಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಯಿತು. ಉಳುವವನೇ ಒಡೆಯ ಎಂದ ಮೇಲೂ ಡಿಕ್ಲರೇಶನ್ ಕೊಡಬೇಕು, ಭೂನ್ಯಾಯಮಂಡಳಿಯ ವಿಚಾರಣೆಗೆ ಕುಂದಾಪುರಕ್ಕೆ ಓಡಾಡಬೇಕು, ಹಕ್ಕು ಸಿಕ್ಕಿದರೆ ಸರ್ಕಾರಕ್ಕೆ ಕಂತು ಕಟ್ಟಬೇಕು. ಅಜ್ಜ ದಿನಗೂಲಿ ಬಿಟ್ಟು ಓಡಾಡಿದ, ಸರ ಅಡವಿಗೆ ಹೋಯಿತು. ಬಿಡಿಸಿಕೊಂಡು ಬರಲು ಐದು ವರ್ಷ ಬೇಕಾಯಿತು. ಅಷ್ಟರಲ್ಲಿ ಚಿನ್ನದ ಬೆಲೆ ಮೇಲೇರಿ, 1980ರಲ್ಲಿ ಹತ್ತು ಗ್ರಾಂಗೆ 1,330 ರೂಪಾಯಿ ದಾಟಿತ್ತು. ಅಜ್ಜಿಗೆ ಬೆಲೆಯ ಸುದ್ದಿ ಬೇಕಿರಲಿಲ್ಲ. ಗದ್ದೆ ತಮ್ಮದಾಯಿತು, ಸರವೂ ವಾಪಸು ಬಂತು, ಮರುವರ್ಷ ಅದು ಹಿರಿ ಮಗಳ ಕುತ್ತಿಗೆಗೆ ಹೋಯಿತು. ಮೊದಲಿನಿಂದಲೂ ಆ ಸರ ಅವಳದ್ದೇ ಆಗಿತ್ತು.

ಬ್ಯಾಂಕಿನ ನೆಲದಲ್ಲೇ ಬಾಳಿದವರು ಬ್ಯಾಂಕಿನಿಂದ ಇಷ್ಟು ದೂರ ಉಳಿದದ್ದು ಹೇಗೆ ಎಂದು ಓದುಗರು ಕೇಳಬಹುದು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಕಡಿಮೆ ದುಡ್ಡನ್ನೂ ಮನೆಬಾಗಿಲಿಗೇ ಬಂದು ಕಟ್ಟಿಸಿಕೊಳ್ಳುವ ಏರ್ಪಾಡು. ಬಡವರ ಉಳಿತಾಯದ ಬಗ್ಗೆ ಈ ಜಿಲ್ಲೆ ಕಂಡುಕೊಂಡ ಅತ್ಯಂತ ಒಳ್ಳೆಯ ಉಪಾಯ ಅದು. ಆದರೆ ಪಿಗ್ಮಿಯವರು ಬರುತ್ತಿದ್ದುದು ಅಂಗಡಿ ಸಾಲಿನವರೆಗೆ. ಮಳೆಗಾಲದಲ್ಲಿ ಅಡಿಕೆ ದಬ್ಬೆಯ ಸಂಕ ದಾಟಿ ಗುಡ್ಡದ ಬದಿಯ ಒಂಟಿ ಮನೆಗೆ ಯಾರು ಬರಬೇಕು? ಹತ್ತಿರದ ಹೊಸಂಗಡಿಯಲ್ಲಿ ವಾರಾಹಿಯ ನೀರಿನಿಂದ ಕರೆಂಟು ತಯಾರಾಗಿ ದೂರದೂರಿಗೆ ಹೋಗುತ್ತಿದ್ದಾಗಲೂ ಈ ಬದಿಯ ಮನೆಗಳಲ್ಲಿ ಉರಿಯುತ್ತಿದ್ದುದು ಚಿಮಣಿ ಎಣ್ಣೆಯ ದೀಪ.

ಹೀಗಾಗಿ ನೋಟು ರದ್ದಾದ ಮೇಲೆ ಅಜ್ಜಿ ಮೊದಲ ಬಾರಿಗೆ ಠೇವಣಿ ಇಡಲು ಬ್ಯಾಂಕಿಗೆ ಹೋದರು. ಜನಧನದ ಖಾತೆ ಇತ್ತು, ಬಳಕೆ ಇರಲಿಲ್ಲ. ಎರಡು ಗಂಟೆ ಸಾಲಿನಲ್ಲಿ ನಿಂತು ನಾಲ್ಕೂ ಗಂಟು ಕೌಂಟರಿನ ಮೇಲಿಟ್ಟರು. ನೋಟುಗಳು ಒಂದೇ ಕಟ್ಟಾಗಿ ಆಚೆ ಹೋದವು, ಖಾಲಿ ಬಟ್ಟೆಗಳನ್ನು ಅಜ್ಜಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಮೊಮ್ಮಗ ಆ ದುಡ್ಡನ್ನು ಐದು ವರ್ಷದ ಠೇವಣಿ ಮಾಡಿಸಿದ. ಫಾರಂ ತುಂಬಿದವನೂ ಅವನೇ. ನಾಮಿನಿಯ ಜಾಗ ಬಂದಾಗ ಯಾರ ಹೆಸರು ಎಂದು ಕೇಳಿದ. ಅಜ್ಜಿ ನಾಲ್ಕು ಹೆಸರು ಹೇಳಿದರು. ಆಗಿನ ಕಾನೂನಿನಂತೆ ಒಂದು ಠೇವಣಿಗೆ ಒಬ್ಬರನ್ನು ಮಾತ್ರ ನಾಮಿನಿ ಮಾಡಬಹುದಿತ್ತು. ನಾಲ್ವರಲ್ಲಿ ಒಬ್ಬರನ್ನು ಆರಿಸಿ ಮೂವರನ್ನು ಬಿಡಲು ಅಜ್ಜಿ ಒಪ್ಪಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಮತ್ತೊಂದು ದಿನ ಬಂದು ಬರೆದರಾಯಿತು ಎಂದು ಅವನು ನಾಮಿನಿಯ ಜಾಗವನ್ನು ಖಾಲಿ ಬಿಟ್ಟ.

ಆ ಮತ್ತೊಂದು ದಿನ ಬರಲಿಲ್ಲ. 2019ರ ಆಟಿ ತಿಂಗಳಲ್ಲಿ, ಹೊಳೆ ತುಂಬಿ ಹರಿಯುವಾಗ, ಅಜ್ಜಿ ಹೋದರು.

ಬೊಜ್ಜದ ದಿನ ಅಜ್ಜಿ ನೆಯ್ದ ಓಲೆಚಾಪೆಗಳ ಮೇಲೇ ನೆಂಟರೆಲ್ಲ ಕೂತರು. ಅದೇ ವರ್ಷದ ಕೊನೆಗೆ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಚಾಪೆಯನ್ನು ಸೇರಿಸಿತು. ನಮ್ಮ ಕೇದಗೆಯ ಜಾತಿಯದೇ ಗಿಡದ ಎಲೆಯನ್ನು ಸಣ್ಣಗೆ ಸೀಳಿ ಅಲ್ಲಿನ ಹೆಂಗಸರು ತಿಂಗಳುಗಟ್ಟಲೆ ಹೆಣೆಯುವ ಚಾಪೆ ಅದು. ಮಲಗುವುದಕ್ಕಲ್ಲ, ಮದುವೆ, ಸಾವಿನಂಥ ಹೊತ್ತಿನಲ್ಲಿ ಮನೆಯಿಂದ ಮನೆಗೆ ಕೊಡುವ ಆಸ್ತಿ. ಸಮೋವಾದ ಅಜ್ಜಿಯೊಬ್ಬಳಿಗೆ ಅಮಾಸೆಬೈಲಿನ ಗಂಟುಗಳ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ ಎಂದು ಮೊಮ್ಮಗನಿಗೆ ಅನ್ನಿಸಿದ್ದುಂಟು.

ಠೇವಣಿಯ ಕಥೆ ಮಾತ್ರ ಎಳೆಯಿತು. ನಾಮಿನಿ ಇಲ್ಲದ್ದರಿಂದ ಮರಣಪತ್ರ, ನಾಡಕಚೇರಿಯ ವಂಶವೃಕ್ಷ, ವಾರಸುದಾರರೆಲ್ಲರ ಒಪ್ಪಿಗೆ ಸಹಿ, ಇಂಡೆಮ್ನಿಟಿ ಬಾಂಡು ಬೇಕಾದವು. ಪಾಸ್‌ಬುಕ್ಕಿನಲ್ಲಿ ಅಜ್ಜಿಯ ಹೆಸರು ಒಂದು ತರ, ಆಧಾರಿನಲ್ಲಿ ಇನ್ನೊಂದು ತರ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್. ಮುಂಬೈಯ ಮಗಳು ಸಹಿಗೆ ಬರುವ ಹೊತ್ತಿಗೆ ಕೊರೊನಾ ಬಂದು ರೈಲು ನಿಂತಿತು. ಬಡ್ಡಿ ಸೇರಿ 43 ಸಾವಿರ ಚಿಲ್ಲರೆ ಕೈಗೆ ಬಂದದ್ದು 2021ರಲ್ಲಿ.

ವಂಶವೃಕ್ಷದಲ್ಲಿ ಮಗ, ಮೂವರು ಹೆಣ್ಣುಮಕ್ಕಳು. ಕಾನೂನಿನ ಲೆಕ್ಕದಲ್ಲಿ ನಾಲ್ಕು ಸಮಪಾಲು. ಹಾಲು ಕೊಡುವ ಹೆಂಗಸಿನ ಹೆಸರು ಆ ಕಾಗದದಲ್ಲಿ ಎಲ್ಲೂ ಇಲ್ಲ, ಇರುವಂತೆಯೂ ಇಲ್ಲ. ಮನೆಯಲ್ಲಿ ಒಬ್ಬರು ಸ್ವಲ್ಪ ಹಿಂದುಮುಂದು ನೋಡಿದರು. ಆಗ ಮಗ ಎದ್ದು ಹೋಗಿ ಅಜ್ಜಿಯ ಪೆಟ್ಟಿಗೆಯಿಂದ ಆ ನಾಲ್ಕು ಬಟ್ಟೆತುಂಡುಗಳನ್ನು ತಂದಿಟ್ಟ. ಮತ್ತೆ ಮಾತು ಬರಲಿಲ್ಲ. ನೋಟು ಎಣಿಸಿದ ಲೆಕ್ಕದಲ್ಲೇ, 20, 24, 12, 8ರಂತೆ, ಬಡ್ಡಿಯನ್ನೂ ಹಂಚಲಾಯಿತು. ಕಪ್ಪು ಅಂಚಿನದರಲ್ಲಿ 5,400 ರೂಪಾಯಿ ಕಟ್ಟಿ ಪಕ್ಕದ ಮನೆಗೆ ಕೊಟ್ಟು ಬಂದರು.

ಅಜ್ಜಿಯ ಪೆಟ್ಟಿಗೆಯಲ್ಲಿ ಐದನೆಯ ಗಂಟೂ ಒಂದು ಇತ್ತು. ಎ.ಜಿ. ಕೊಡ್ಗಿಯವರ ಮುಂದಾಳತ್ವದಲ್ಲಿ ಅಮಾಸೆಬೈಲು ಚಾರಿಟೆಬಲ್ ಟ್ರಸ್ಟ್ ಈ ಊರಿನ ಮನೆಮನೆಗೆ ಸೋಲಾರ್ ದೀಪ ಕೊಡಿಸಿತ್ತು. ದೀಪ ಬಂದ ಮೇಲೆ ಚಿಮಣಿ ಎಣ್ಣೆಗೆ ಹೋಗುತ್ತಿದ್ದ ದುಡ್ಡನ್ನು ಅಜ್ಜಿ ತಿಂಗಳು ತಿಂಗಳು ತೆಗೆದಿಟ್ಟಿದ್ದರು: ಹತ್ತರ, ಇಪ್ಪತ್ತರ ನೋಟು, ಒಟ್ಟು 1,140 ರೂಪಾಯಿ. ಅದು ಯಾರದ್ದೆಂದು ಯಾರಿಗೂ ಹೇಳಿರಲಿಲ್ಲ. ಅದನ್ನು ಇವತ್ತಿನವರೆಗೂ ಯಾರೂ ಬಿಚ್ಚಿ ಖರ್ಚು ಮಾಡಿಲ್ಲ.

ಒಬ್ಬರೇ ನಾಮಿನಿ ಎಂಬ ಆಗಿನ ಕಾನೂನು ಈಗ ಬದಲಾಗಿದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಬರೆಯಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ನಮೂದಿಸಬಹುದು. ಪಾಲುಗಳ ಮೊತ್ತ 100 ಆಗಬೇಕು. ನಾಮಿನಿ ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಒಂದು ಎಚ್ಚರ: ನಾಮಿನಿ ದುಡ್ಡು ಪಡೆದುಕೊಳ್ಳುವವರು ಮಾತ್ರ, ಒಡೆತನ ವಾರಸುದಾರರದ್ದೇ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಮನೆಯಾಚೆಯವರಿಗೆ ಕೊಡುವ ಮನಸ್ಸಿದ್ದರೆ ಇಬ್ಬರು ಸಾಕ್ಷಿಗಳೆದುರು ವಿಲ್ ಬರೆದಿಡಲೇಬೇಕು. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದ ಮೇಲೂ ವಾರಸುದಾರರು ಕೇಳಿ ಪಡೆಯಬಹುದು. ಹುಡುಕಲು 2023ರಿಂದ ಉದ್ಗಮ್ ಎಂಬ ಪೋರ್ಟಲ್ ಇದೆ.

ಕಳೆದ ಡಿಸೆಂಬರಿನಲ್ಲಿ ಮೊಮ್ಮಗನ ತಾಯಿ, ಅರಿಶಿನದ ಕಲೆಯ ಗಂಟು ಪಡೆದ ಆ ಕಿರಿ ಮಗಳು, ಅದೇ ಬ್ಯಾಂಕಿನ ಬೆಂಚಿನ ಮೇಲೆ ಕೂತು ಹೊಸ ಫಾರಂ ತುಂಬಿದರು. ಬೆರಳ ಗೆಣ್ಣು ಎಣಿಸುತ್ತ ತುಂಬ ಹೊತ್ತು ತೆಗೆದುಕೊಂಡರು. 40, 25, 25 ಎಂದು ಮೂರು ಹೆಸರು ಬರೆಸಿದರು. ಉಳಿದ ಹತ್ತರ ಮುಂದೆ ಹಾಲು ಕೊಡುವ ಹೆಂಗಸಿನ ಮಗಳ ಹೆಸರು ಹೇಳಿದರು, ಬರೆದದ್ದು ಸರಿಯಾಗಿದೆಯೇ ಎಂದು ಎರಡು ಸಲ ಓದಿಸಿ ಕೇಳಿದರು.