ಅಡುಗೆಮನೆ ಕಪಾಟಿಗೆ ಯಾವ ಪೇಂಟ್?

ಒಗ್ಗರಣೆಯ ಜಿಡ್ಡು, ಕುಕ್ಕರಿನ ಹಬೆ, ಒದ್ದೆ ಕೈ. ಕಪಾಟಿನ ಬಾಗಿಲು ದಿನವೂ ಇಷ್ಟನ್ನು ತಾಳಬೇಕು. ಹಾಗಾಗಿ ಶೇಡ್ ಕಾರ್ಡ್ ಬಿಡಿಸುವ ಮೊದಲು ಪೇಂಟಿನ ಜಾತಿ ಗೊತ್ತುಮಾಡಿಕೊಳ್ಳಿ.

1. ಗೋಡೆಗೆ ತಂದು ಉಳಿದ ಎಮಲ್ಷನ್ ಬಳಿಯಬೇಡಿ. ಹಿಡಿಯ ಸುತ್ತ ಕಪ್ಪಾಗುತ್ತದೆ, ಉಜ್ಜಿದಷ್ಟೂ ಸವೆಯುತ್ತದೆ. ಇಲ್ಲಿಗೆ ಬೇಕಾದದ್ದು ಎನಾಮಲ್.

2. ಅಡಿಯಲ್ಲಿ ಏನಿದೆ ನೋಡಿ. ಪೇಂಟ್ ಎದ್ದುಬರುವುದು ಹೆಚ್ಚಾಗಿ ಇಲ್ಲಿ ಎಡವಿದ್ದರಿಂದಲೇ. ಮರ, ಪ್ಲೈವುಡ್ಡಿಗೆ ವುಡ್ ಪ್ರೈಮರ್ ಸಾಕು. ಎಂಡಿಎಫ್‌ನ ಕತ್ತರಿಸಿದ ಅಂಚು ನೀರು ಕುಡಿದು ಉಬ್ಬುತ್ತದೆ. ಅಲ್ಲಿಗೆ ಆಯಿಲ್ ಪ್ರೈಮರ್, ಅದೂ ಎರಡು ಕೋಟ್. ಸನ್‌ಮೈಕಾ ಅಂಟಿಸಿದ ಬಾಗಿಲಾದರೆ ಹೊಳಪು ಹೋಗುವಂತೆ ಉಜ್ಜಿ, ನುಣುಪು ಮೈಗೆಂದೇ ಮಾಡಿದ ಬಾಂಡಿಂಗ್ ಪ್ರೈಮರ್ ಹಚ್ಚಿ. ಮಾಮೂಲಿ ಪ್ರೈಮರ್ ಅದರ ಮೇಲೆ ನಿಲ್ಲದು.

3. ಬಿಳಿ, ಕೆನೆಬಣ್ಣ ಬೇಕೇ? ವಾಟರ್ ಬೇಸ್ಡ್ ಎನಾಮಲ್ ತನ್ನಿ. ಆಯಿಲ್ ಎನಾಮಲ್ ಗಟ್ಟಿ, ಬ್ರಷ್ಷಿನ ಗೆರೆಯೂ ಕಾಣದಂತೆ ಕೂರುತ್ತದೆ. ಆದರೆ ಅದರ ಬಿಳಿ ಕಾಲ ಕಳೆದಂತೆ ಹಳದಿಯಾಗುತ್ತದೆ, ಬೆಳಕು ಬೀಳದ ಒಳಮೈಯಲ್ಲಂತೂ ಇನ್ನೂ ಬೇಗ. ಕಂದು, ಕಡುಹಸಿರಿಗೆ ಈ ಚಿಂತೆಯಿಲ್ಲ. ವಾಸನೆ ಮಾತ್ರ ಕೆಲವು ದಿನ ಸಹಿಸಬೇಕು.

4. ಪಿಯು (ಪಾಲಿಯುರೆಥೇನ್) ಎಲ್ಲಕ್ಕಿಂತ ಗಟ್ಟಿ, ದುಬಾರಿಯೂ ಹೌದು. ಹಾರ್ಡ್‌ನರ್ ಬೆರೆಸಿ ಸ್ಪ್ರೇ ಮಾಡುವ ಪೇಂಟ್ ಅದು. ಹಾರ್ಡ್‌ನರಿನಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಗಿಲು ಬಿಚ್ಚಿ ವರ್ಕ್‌ಶಾಪಿಗೆ ಕಳಿಸಿ, ಮನೆಯೊಳಗೆ ಸ್ಪ್ರೇ ಮಾಡಲು ಒಪ್ಪಲೇಬೇಡಿ.

5. ಮ್ಯಾಟ್ ಚೆಂದ ಕಂಡರೂ ಜಿಡ್ಡಿನ ಕಲೆ ಬಿಡದು. ಪೂರ್ತಿ ಗ್ಲಾಸಿ ಒಂದೊಂದು ತಗ್ಗನ್ನೂ ಎತ್ತಿ ತೋರಿಸುತ್ತದೆ. ಇವೆರಡರ ನಡುವಿನ ಸ್ಯಾಟಿನ್ ಆರಿಸಿ.

6. ಡಬ್ಬದ ಮೇಲೆ ಸೀಸದ ವಿವರ ಓದಿ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಕಪಾಟಿನ ಮೇಲೆ ಈಗಾಗಲೇ ಇರುವ ಎನಾಮಲ್ ಅದಕ್ಕಿಂತ ಹಳೆಯದಾದರೆ ಅದರಲ್ಲಿ ಸೀಸ ಇದ್ದೀತು. ಒಣ ಉಜ್ಜುವಿಕೆ ಬೇಡ, ವಾಟರ್ ಪೇಪರ್‌ನಿಂದ ಒದ್ದೆ ಮಾಡಿ ಉಜ್ಜಿಸಿ; ಮಕ್ಕಳು, ಬಸುರಿಯರು ಅತ್ತ ಸುಳಿಯದಿರಲಿ.

7. ಮೊದಲು ಸೋಪುನೀರಿನಲ್ಲಿ ಜಿಡ್ಡು ತೊಳೆದು ಒಣಗಿಸಿ, ಆಮೇಲೆ ಉಜ್ಜಿ. ಜಿಡ್ಡಿನ ಮೇಲೆಯೇ ಉಜ್ಜಿದರೆ ಅದು ಮರದೊಳಕ್ಕೆ ಇಳಿಯುತ್ತದೆ.

8. ಕರಾವಳಿ, ಮಲೆನಾಡಿನವರು ಮಳೆಗಾಲ ಕಳೆಯಲಿ ಎಂದು ಕಾಯುವುದೇ ಲೇಸು. ಮುಟ್ಟಿದರೆ ಒಣಗಿದಂತಿದ್ದರೂ ಎನಾಮಲ್ ಪೂರ್ತಿ ಗಟ್ಟಿಯಾಗಲು ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಬಾಗಿಲು ಒತ್ತಿ ಮುಚ್ಚಬೇಡಿ, ಸ್ಕ್ರಬ್ಬರ್ ತಾಗಿಸಬೇಡಿ.